ಜಾಣರಿಗೂ ಸುಸ್ತಾಗುತ್ತೆ

ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಒಂದು ರೂಮಿನ ಬಾಗಿಲು ಮುಚ್ಚೋದೇ ಇಲ್ಲ. 'ಮಗಾ, ಲ್ಯಾಪ್ಲಾಸ್ ಒಂದ್ಸಲ ಹೇಳ್ಕೊಡೋ', 'ಮೂರನೇ ಮಾಡ್ಯೂಲ್‌ನಲ್ಲಿ ಯಾವ್ದು ಬರುತ್ತೆ ಗುರು' ಅಂತ ಒಬ್ಬರಾದ ಮೇಲೆ ಒಬ್ಬರು ಬರ್ತಾನೇ ಇರ್ತಾರೆ. ಅದು ಕ್ಲಾಸಿನ ಜಾಣನ ರೂಮು. ರಾತ್ರಿ ಒಂದು ಗಂಟೆಗೆ ಅವನು 'ಸುಸ್ತಾಗಿದೆ ಕಣ್ರೋ' ಅಂದ್ರೆ ಎಲ್ಲರೂ ನಗ್ತಾರೆ. 'ನಿಂಗೇನೋ ಸುಸ್ತು? ನೀನು ಒಂದ್ಸಲ ಓದಿದ್ರೆ ಸಾಕಲ್ಲ!' ಲೇಡೀಸ್ ಹಾಸ್ಟೆಲ್‌ನಲ್ಲೂ ಇದೇ ಕಥೆ ಅಂತ ಗೆಳತಿಯರು ಹೇಳ್ತಾರೆ.

ಬೇಗ ಅರ್ಥ ಮಾಡಿಕೊಳ್ಳುವವರಿಗೆ ದಣಿವೇ ಆಗೋದಿಲ್ಲ ಅಂತ ನಾವು ನಂಬಿದ್ದೇವೆ. ನನ್ನ ಪ್ರಕಾರ ಇದು ನಮ್ಮ ಕ್ಯಾಂಪಸ್‌ನ ದೊಡ್ಡ ತಪ್ಪು ತಿಳುವಳಿಕೆ. ಇದನ್ನು ಆ ಜಾಣರೂ ನಂಬಿರೋದು ಇನ್ನೂ ಕೆಟ್ಟದ್ದು. ಪಿಯುಸಿವರೆಗೆ ಹೆಚ್ಚು ಕಷ್ಟಪಡದೆ ಮಾರ್ಕ್ಸ್ ಬಂದಿರುತ್ತೆ. ಇಲ್ಲಿ ನಾಲ್ಕನೇ ಸೆಮಿಸ್ಟರ್ ಹೊತ್ತಿಗೆ ಎರಡು ಕ್ಲಬ್, ಹ್ಯಾಕಥಾನ್, ಮಿನಿ ಪ್ರಾಜೆಕ್ಟ್ ಎಲ್ಲಾ ತಲೆ ಮೇಲೆ ಬಂದಿರುತ್ತೆ. ಒಂದು ದಿನ ಪುಟದ ಮೇಲೆ ಕಣ್ಣು ಓಡುತ್ತೆ, ತಲೆಗೆ ಏನೂ ಹೋಗೋದಿಲ್ಲ. ಆಗ ಅವರು 'ನಿದ್ದೆ ಸಾಲ್ತಿಲ್ಲ' ಅಂದುಕೊಳ್ಳೋದಿಲ್ಲ. 'ನಾನು ಅಷ್ಟೇನೂ ಜಾಣ ಅಲ್ಲವೇನೋ' ಅಂದುಕೊಳ್ತಾರೆ. ಆ ಅನುಮಾನ ಮುಚ್ಚಿಕೊಳ್ಳೋಕೆ ಇನ್ನೊಂದು ರಾತ್ರಿ ನಿದ್ದೆಗೆಡ್ತಾರೆ.

ದೇಹದ ಲೆಕ್ಕ ನೋಡಿ. ಮಿದುಳಿನ ತೂಕ ದೇಹದ ತೂಕದ ಸುಮಾರು ಶೇ. 2. ಆದರೆ ಸುಮ್ಮನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತೆ. ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಸೇರ್ತಾ ಹೋಗಿ ನಿದ್ದೆ ಒತ್ತರಿಸುತ್ತೆ. ಕಾಫಿಯಲ್ಲಿರುವ ಕೆಫೀನ್ ಅದನ್ನು ತೆಗೆದುಹಾಕೋದಿಲ್ಲ, ಅದು ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತೆ ಅಷ್ಟೇ. ಸುಮಾರು 5 ಗಂಟೆ ಕಳೆದರೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತೆ. ರಾತ್ರಿ ಹತ್ತಕ್ಕೆ ಕುಡಿದ ಕಾಫಿ ಮೂರು ಗಂಟೆಗೂ ಪೂರ್ತಿ ಇಳಿದಿರಲ್ಲ.

1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇದ್ದಾಗ ಎಷ್ಟು ಕುಗ್ಗುತ್ತೋ ಅಷ್ಟೇ ಕುಗ್ಗಿತ್ತು. ನಮ್ಮ ದೇಶದಲ್ಲಿ ಗಾಡಿ ಓಡಿಸೋಕೆ ಇರುವ ಮಿತಿ ಶೇ. 0.03. ಬೆಳಿಗ್ಗೆ ಏಳಕ್ಕೆ ಎದ್ದವರಿಗೆ ಮಧ್ಯರಾತ್ರಿಗೇ 17 ಗಂಟೆ ಆಗುತ್ತೆ. ಸ್ಕೂಟರ್ ಕೀಲಿ ಕೊಡಬಾರದ ಸ್ಥಿತಿಯಲ್ಲಿ ನಾವು ಹೊಸ ಮಾಡ್ಯೂಲ್ ಶುರು ಮಾಡ್ತೀವಿ!

ಡಾರ್ವಿನ್ ವರ್ಷಾನುಗಟ್ಟಲೆ ಅನಾರೋಗ್ಯದಿಂದ ಬಳಲಿದವನು. ಡೌನ್ ಹೌಸ್‌ನಲ್ಲಿ ಅವನ ಮುಖ್ಯ ಕೆಲಸ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಆಮೇಲೆ ಹತ್ತೂವರೆಯಿಂದ ಹನ್ನೆರಡು. ಉಳಿದ ಹೊತ್ತಲ್ಲಿ ವಾಕಿಂಗು, ಪತ್ರ, ವಿಶ್ರಾಂತಿ. 1859ರ 'ಆರಿಜಿನ್ ಆಫ್ ಸ್ಪೀಶೀಸ್' ಬರೆದದ್ದು ಅದೇ ಮನೆಯಲ್ಲಿ. 'ಅವನು ದುಡ್ಡಿದ್ದವನು, ಅವನಿಗೆ ಅಟೆಂಡೆನ್ಸ್ ಶಾರ್ಟೇಜ್ ಇತ್ತಾ?' ಅಂತ ನೀವು ಕೇಳಬಹುದು. ನಿಜ, ನಮ್ಮ ದಿನ ನಮ್ಮ ಕೈಯಲ್ಲಿಲ್ಲ. ಆದರೆ ಚುರುಕಾದ ಎರಡು ಗಂಟೆಯನ್ನು ಯಾವುದಕ್ಕೆ ಕೊಡಬೇಕು ಅನ್ನೋದು ಸ್ವಲ್ಪವಾದರೂ ನಮ್ಮ ಕೈಯಲ್ಲಿದೆ.

ಒಂದು ವಾರ ಗಮನಿಸಿ. ತಲೆ ಯಾವಾಗ ಚೆನ್ನಾಗಿ ಓಡುತ್ತೆ, ಯಾವಾಗ ಮಂಕಾಗುತ್ತೆ ಅಂತ ಬರೆದಿಟ್ಟುಕೊಳ್ಳಿ. ಕಷ್ಟದ ಸಬ್ಜೆಕ್ಟ್ ಚುರುಕು ಹೊತ್ತಿಗೆ. ಲ್ಯಾಬ್ ರೆಕಾರ್ಡ್ ಬರೆಯೋದು, ಗ್ರಾಫ್ ಹಾಕೋದು ಮಂಕು ಹೊತ್ತಿಗೆ. ನಮ್ಮಲ್ಲಿ ಬಹಳ ಜನ ಉಲ್ಟಾ ಮಾಡ್ತಾರೆ. ಗೆಳೆಯರಿಗೆ ಹೇಳಿಕೊಡೋದನ್ನು ನಿಲ್ಲಿಸಬೇಕಿಲ್ಲ. 'ಊಟ ಆದ್ಮೇಲೆ ಒಂಬತ್ತಕ್ಕೆ ಎಲ್ಲರೂ ಬನ್ನಿ, ಒಂದೇ ಸಲ ಹೇಳ್ತೀನಿ, ಹತ್ತೂವರೆಗೆ ಮುಗೀತು' ಅಂದುಬಿಡಿ. ನಾನು ಕಳೆದ ಸೆಮಿಸ್ಟರ್ ಇದನ್ನು ಶುರು ಮಾಡಿದಾಗ ಮೊದಲು ಬೈಸಿಕೊಂಡೆ. ಈಗ ಎಲ್ಲರೂ ಟೈಮಿಗೆ ಸರಿಯಾಗಿ ಬರ್ತಾರೆ.

ಒಂದು ಮಾತು ತಮಾಷೆಯಲ್ಲ. ಚೆನ್ನಾಗಿ ನಿದ್ದೆ ಮಾಡಿದರೂ ವಾರಗಟ್ಟಲೆ ಸುಸ್ತು ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಯಾವುದಾದರೂ ಇರಬಹುದು. ಇವು ಯಾವುವೂ ಸಿಜಿಪಿಎ ನೋಡಿ ಬರೋದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಹಿರಿಯರು. ನಾವು ಹಾಸಿಗೆ ಕಡೆಗೇ ಹೋಗ್ತಿಲ್ಲ. ಮುಂದಿನ ಇಂಟರ್ನಲ್ಸ್ ಹಿಂದಿನ ರಾತ್ರಿ ನಿಮ್ಮ ಗೆಳೆಯನೋ ಗೆಳತಿಯೋ 'ಸುಸ್ತಾಗಿದೆ' ಅಂದರೆ ದಯವಿಟ್ಟು ನಗಬೇಡಿ. ಲೈಟ್ ಆರಿಸಿ, ಬಾಗಿಲು ಎಳೆದುಕೊಂಡು ಬನ್ನಿ. ಉಳಿದ ಡೌಟು ಬೆಳಿಗ್ಗೆ ತಿಂಡಿ ಹೊತ್ತಿಗೆ ಕೇಳಿದರಾಯಿತು.