ಬಟನ್ ಒತ್ತಿದರೂ ಪುಟ ಸುಮ್ಮನಿದೆಯೇ? ತಪ್ಪು ನಿಮ್ಮ ಬೆರಳಿನದ್ದಲ್ಲ, ನೆಟ್‌ವರ್ಕಿನದ್ದೂ ಅಲ್ಲದಿರಬಹುದು

ಕಳೆದ ಮೇ ತಿಂಗಳಲ್ಲಿ ಅಮ್ಮ ಕಣ್ಣಿನ ತಪಾಸಣೆಗೆಂದು ಆಸ್ಪತ್ರೆಯೊಂದರ ಜಾಲತಾಣದಲ್ಲಿ ಸಮಯ ಕಾಯ್ದಿರಿಸಿದರು. ಬೇಕಿದ್ದದ್ದು ಜೂನ್ 12. ಮುಂದಿನ ತಿಂಗಳಿಗೆ ಹೋಗುವ ಬಾಣದ ಗುರುತನ್ನು ಒತ್ತಿದರು, ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದರು. ಸ್ವಲ್ಪ ಹೊತ್ತಿಗೆ ಕ್ಯಾಲೆಂಡರ್ ಬದಲಾಯಿತು. 12ನೇ ತಾರೀಖು ಆರಿಸಿ ಬುಕ್ ಮಾಡಿದರು.

ಜೂನ್ 12ರ ಬೆಳಿಗ್ಗೆ ಎರಡು ಬಸ್ ಬದಲಿಸಿ ಆಸ್ಪತ್ರೆ ತಲುಪಿದರೆ ಕೌಂಟರಿನಲ್ಲಿದ್ದವರು, "ನಿಮ್ಮ ಹೆಸರು ಇವತ್ತಿನ ಪಟ್ಟಿಯಲ್ಲಿಲ್ಲಮ್ಮಾ, ಜುಲೈ 12ಕ್ಕಿದೆ" ಎಂದರು. ಮನೆಗೆ ಬಂದ ಅಮ್ಮ ಹೇಳಿದ್ದು ಒಂದೇ ಮಾತು: "ನಂಗೆ ಫೋನ್ ಒತ್ತೋಕೇ ಬರಲ್ಲ ಕಣೇ."

ನಿಜವಾಗಿ ಅಮ್ಮನಿಗೆ ಫೋನ್ ಒತ್ತಲು ಬರುತ್ತದೆ. ಅವರ ಎರಡೂ ಒತ್ತುಗಳನ್ನು ಪುಟ ತಡವಾಗಿ, ಆದರೆ ಸರಿಯಾಗಿಯೇ ಎಣಿಸಿತ್ತು. ಹಾಗಾದರೆ ತಡವಾಗಿದ್ದು ಯಾಕೆ? ಬನ್ನಿ, ನೋಡೋಣ.

ಒಬ್ಬನೇ ಆಳಿನ ದರ್ಶಿನಿ

ಜಾಲಪುಟದಲ್ಲಿ ಮೆನು ತೆರೆಯುವುದು, ತಿಂಗಳು ಬದಲಾಗುವುದು, ತಪ್ಪು ತುಂಬಿದರೆ ಕೆಂಪು ಅಕ್ಷರ ಬರುವುದು ಇವೆಲ್ಲ ಹೆಚ್ಚಾಗಿ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸೂಚನೆಗಳಿಂದ ನಡೆಯುತ್ತವೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಸುಮಾರು ಹತ್ತು ದಿನಗಳಲ್ಲಿ ತಯಾರಿಸಿದರು. ಇಂದು ಬಹುತೇಕ ಎಲ್ಲ ಜಾಲತಾಣಗಳಲ್ಲೂ ಇದಿದೆ.

ಈ ಸೂಚನೆಗಳು ಓಡುವುದು ಬ್ರೌಸರಿನ 'ಮೇನ್ ಥ್ರೆಡ್' ಎಂಬ ಒಂದೇ ಸಾಲಿನಲ್ಲಿ. ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ನಿಮ್ಮ ಟ್ಯಾಪ್‌ಗೆ ಉತ್ತರಿಸುವುದು, ಪರದೆಯ ಮೇಲೆ ಏನು ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುವುದು ಕೂಡ ಇದೇ ಸಾಲಿನಲ್ಲಿ ಆಗಬೇಕು.

ಒಬ್ಬನೇ ಆಳಿರುವ ದರ್ಶಿನಿಯನ್ನು ನೆನೆಸಿಕೊಳ್ಳಿ. ಯಾರೋ ಐವತ್ತು ಪ್ಲೇಟ್ ಇಡ್ಲಿ ಪಾರ್ಸೆಲ್ ಹೇಳಿದ್ದಾರೆ. ಆತ ತಲೆ ತಗ್ಗಿಸಿ ಕಟ್ಟುತ್ತಿದ್ದಾನೆ. ನೀವು "ಅಣ್ಣಾ, ಒಂದು ಕಾಫಿ" ಎನ್ನುತ್ತೀರಿ. ಉತ್ತರವಿಲ್ಲ. ಮತ್ತೆ ಕೂಗುತ್ತೀರಿ, ಇನ್ನೊಮ್ಮೆ ಕೂಗುತ್ತೀರಿ. ಕೊನೆಗೆ ಆತ ತಲೆಯೆತ್ತಿ ಮೂರು ಕಾಫಿ ತಂದಿಡುತ್ತಾನೆ. ಅಮ್ಮನ ಕ್ಯಾಲೆಂಡರಿನಲ್ಲಿ ಆಗಿದ್ದು ಇದೇ.

ಎಷ್ಟು ತಡವಾದರೆ 'ತಡ'?

ಬಳಕೆದಾರರ ಅನುಭವದ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಬರೆದಂತೆ, ಸುಮಾರು 0.1 ಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದರೆ ನಮಗೆ ಅದು ತಕ್ಷಣವೇ ಆಯಿತು ಅನಿಸುತ್ತದೆ. ಒಂದು ಸೆಕೆಂಡ್ ದಾಟಿದರೆ ನಮ್ಮ ಯೋಚನೆಯ ಓಟ ತುಂಡಾಗುತ್ತದೆ.

ಬ್ರೌಸರ್ ತಯಾರಕರು 50 ಮಿಲಿಸೆಕೆಂಡ್ ಮೀರಿದ ಕೆಲಸವನ್ನು 'ಲಾಂಗ್ ಟಾಸ್ಕ್' ಎನ್ನುತ್ತಾರೆ. ಟ್ಯಾಪ್ ಮಾಡಿದ ಕ್ಷಣದಿಂದ ಪರದೆ ಬದಲಾಗುವವರೆಗಿನ ಸಮಯ ಅಳೆಯಲು ಐಎನ್‌ಪಿ ಎಂಬ ಅಳತೆ ಇದೆ. ಗೂಗಲ್ ಇದನ್ನು ಮಾರ್ಚ್ 2024ರಲ್ಲಿ ತನ್ನ ಮುಖ್ಯ ಗುಣಮಟ್ಟದ ಅಳತೆಗಳಲ್ಲಿ ಸೇರಿಸಿತು. 200 ಮಿಲಿಸೆಕೆಂಡಿನೊಳಗಿದ್ದರೆ ಒಳ್ಳೆಯದು, 500 ದಾಟಿದರೆ ಕಳಪೆ. ಅದಕ್ಕೂ ಮುಂಚೆ ಇದ್ದ ಅಳತೆ ಮೊದಲನೆಯ ಟ್ಯಾಪ್ ಎಷ್ಟು ಹೊತ್ತು ಕಾಯಿತು ಎಂಬುದನ್ನಷ್ಟೇ ನೋಡುತ್ತಿತ್ತು. ಹಾಗಾಗಿ ನಂತರದ ಟ್ಯಾಪ್‌ಗಳು ಎಷ್ಟೇ ತಿಣುಕಾಡಿದರೂ ಪುಟ 'ಪಾಸ್' ಆಗಬಹುದಿತ್ತು.

ಫಾರ್ವರ್ಡ್‌ಗಳು ಹೇಳುವುದು ನಿಜವೇ?

'ಫೋನ್ ಹ್ಯಾಂಗ್ ಆಗುತ್ತಿದ್ದರೆ ಹೀಗೆ ಮಾಡಿ' ಎಂಬ ಸಂದೇಶ ನಿಮಗೂ ಬಂದಿರಬಹುದು. ಅದರಲ್ಲಿ ಸಾಮಾನ್ಯವಾಗಿ ಇರುವ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ನೆಟ್ ಸ್ಲೋ, 5ಜಿ ಹಾಕಿಸಿ: ಪೂರ್ತಿ ನಿಜವಲ್ಲ. ಪುಟ ತೆರೆದುಕೊಳ್ಳುವುದೇ ತಡವಾದರೆ ನೆಟ್‌ವರ್ಕ್ ಕಾರಣವಾಗಿರಬಹುದು. ಆದರೆ ತೆರೆದು ಕೂತ ಪುಟದಲ್ಲಿ ಬಟನ್ ಒತ್ತಿದಾಗ ಮಿಸುಕಾಡದಿದ್ದರೆ ಮಾತು ಬೇರೆ. ಬಂದಿಳಿದ ಜಾವಾಸ್ಕ್ರಿಪ್ಟನ್ನು ಓಡಿಸಬೇಕಾದದ್ದು ನಿಮ್ಮ ಫೋನಿನ ಪ್ರೊಸೆಸರ್. ಅದನ್ನು 5ಜಿ ಚುರುಕುಗೊಳಿಸುವುದಿಲ್ಲ.

ಕ್ಯಾಶ್ ಅಳಿಸಿ: ಪುಟದ ಹಳೆಯ ಪ್ರತಿ ಸಿಕ್ಕಿಹಾಕಿಕೊಂಡಿದ್ದರೆ ಉಪಯೋಗ. ಪುಟ ಮಾಡುವ ಕೆಲಸವೇ ಭಾರವಾಗಿದ್ದರೆ ಉಪಯೋಗವಿಲ್ಲ. ಮುಂದಿನ ಸಲ ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳಬೇಕಾಗುತ್ತದೆ, ಅಷ್ಟೇ.

ರ‍್ಯಾಮ್ ಬೂಸ್ಟರ್ ಆ್ಯಪ್ ಹಾಕಿಕೊಳ್ಳಿ: ಬೇಡ. ಮೆಮೊರಿಯನ್ನು ಆಂಡ್ರಾಯ್ಡ್ ತಾನೇ ನಿಭಾಯಿಸುತ್ತದೆ. ಬಲವಂತವಾಗಿ ಮುಚ್ಚಿಸಿದ ಆ್ಯಪ್‌ಗಳು ಮತ್ತೆ ತೆರೆಯುವಾಗ ಇನ್ನಷ್ಟು ಕೆಲಸ ಹೆಚ್ಚಾಗುತ್ತದೆ.

ಕಾರಣ ಎಲ್ಲಿದೆ ಎಂದು ನೀವೇ ಪತ್ತೆ ಮಾಡಿ

ಒಂದು, ಬಟನ್ ಒತ್ತಿದ ಕೂಡಲೇ ಬಣ್ಣ ಬದಲಾಗಿ ಸುತ್ತುವ ಚಕ್ರ ಬಂದು, ಆಮೇಲೆ ಕಾಯಿಸಿದರೆ ಪುಟ ನಿಮ್ಮ ಮಾತು ಕೇಳಿಸಿಕೊಂಡಿದೆ ಎಂದರ್ಥ. ತಡ ಹೆಚ್ಚಾಗಿ ನೆಟ್‌ವರ್ಕ್ ಅಥವಾ ಸರ್ವರಿನದು. ಒತ್ತಿದ ಸುಳಿವೇ ಇಲ್ಲದಿದ್ದರೆ ಜಾವಾಸ್ಕ್ರಿಪ್ಟ್ ಮೇಲೆ ಅನುಮಾನ ಪಡಿ.

ಎರಡು, ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿ. ಸರಾಗವಾಗಿ ಸರಿಯುತ್ತದೆ, ಆದರೆ ಬಟನ್ ಮಾತ್ರ ಸತ್ತಂತಿದೆಯೇ? ಬಹಳಷ್ಟು ಸಲ ಸ್ಕ್ರೋಲ್ ಕೆಲಸವನ್ನು ಬ್ರೌಸರ್ ಬೇರೊಂದು ಸಾಲಿನಲ್ಲಿ ಮಾಡುತ್ತದೆ. ಹಾಗಾಗಿ ಮೇನ್ ಥ್ರೆಡ್ ಕಟ್ಟಿಹೋಗಿದ್ದರೂ ಪುಟ ಚೆನ್ನಾಗಿಯೇ ಇದೆ ಅನಿಸುತ್ತದೆ.

ಮೂರು, ಅದೇ ವೈಫೈಯಲ್ಲಿ ಅದೇ ಪುಟವನ್ನು ದುಬಾರಿ ಫೋನಿನಲ್ಲಿ ತೆರೆಯಿರಿ. ಅಲ್ಲಿ ಚುರುಕಾಗಿದ್ದರೆ ನೆಟ್‌ವರ್ಕ್ ಕಾರಣವಲ್ಲ.

ಕಂಪ್ಯೂಟರ್ ಇದ್ದರೆ ಇನ್ನೂ ಒಳಗೆ ನೋಡಬಹುದು. ಕ್ರೋಮ್ ಬ್ರೌಸರಿನಲ್ಲಿ ಎಫ್12 ಒತ್ತಿ 'ಪರ್ಫಾರ್ಮೆನ್ಸ್' ವಿಭಾಗಕ್ಕೆ ಹೋಗಿ. ಅಲ್ಲಿ ಪ್ರೊಸೆಸರನ್ನು ಬೇಕೆಂದೇ ನಾಲ್ಕು ಪಟ್ಟು ನಿಧಾನ ಮಾಡುವ ಆಯ್ಕೆ ಇದೆ. ರೆಕಾರ್ಡ್ ಒತ್ತಿ, ಪುಟದ ಬಟನ್ ಒತ್ತಿ, ನಿಲ್ಲಿಸಿ. 50 ಮಿಲಿಸೆಕೆಂಡ್ ಮೀರಿದ ಕೆಲಸಗಳ ಮೇಲೆ ಕೆಂಪು ಗುರುತು ಕಾಣುತ್ತದೆ. ಒಂದು ಟ್ಯಾಪ್ ತೆಗೆದುಕೊಂಡ ಸಮಯ ಮೂರು ಭಾಗವಾಗುತ್ತದೆ: ಹಿಂದಿನ ಕೆಲಸ ಮುಗಿಯಲಿ ಎಂದು ಕಾದದ್ದು, ಟ್ಯಾಪ್‌ಗಾಗಿ ಬರೆದ ಸೂಚನೆಗಳು ಓಡಿದ್ದು, ಹೊಸ ಚಿತ್ರ ಪರದೆಗೆ ಬಂದದ್ದು. ಯಾವ ಭಾಗ ಉದ್ದವೋ ಅಲ್ಲೇ ರೋಗ.

ಅಮ್ಮ ಬಳಸಿದ ಪುಟವನ್ನು ನಾನು ಹೀಗೇ ನೋಡಿದೆ. ಬಾಣ ಒತ್ತಿದಾಗ ಸರ್ವರಿಗೆ ಒಂದೂ ಹೊಸ ಕೋರಿಕೆ ಹೋಗಲಿಲ್ಲ. ಅಂದರೆ ನೆಟ್‌ವರ್ಕಿಗೂ ಆ ತಡಕ್ಕೂ ಸಂಬಂಧವೇ ಇರಲಿಲ್ಲ. ಉದ್ದವಾಗಿದ್ದದ್ದು ಎರಡನೆಯ ಭಾಗ. ಪ್ರತಿ ಒತ್ತಿಗೂ ಪುಟ ಇಡೀ ವರ್ಷದ ತಾರೀಖುಗಳನ್ನು ಅಳಿಸಿ ಮತ್ತೆ ಕಟ್ಟುತ್ತಿತ್ತು. ನನ್ನ ಲ್ಯಾಪ್‌ಟಾಪಿನ ಪೂರ್ತಿ ವೇಗದಲ್ಲಿ ಇದು ಗೊತ್ತೇ ಆಗಲಿಲ್ಲ. ನಾಲ್ಕು ಪಟ್ಟು ನಿಧಾನ ಮಾಡಿದಾಗ ಹೆಚ್ಚುಕಡಿಮೆ ಒಂದು ಸೆಕೆಂಡ್ ಹಿಡಿಯಿತು. ಪುಟ ಬರೆದವರು ವೇಗದ ಕಂಪ್ಯೂಟರಿನಲ್ಲಷ್ಟೇ ಪರೀಕ್ಷಿಸಿದ್ದರೆ ಅವರಿಗೂ ಇದು ಕಂಡಿರಲಾರದು.

ಪರಿಹಾರ ಯಾರ ಕೈಯಲ್ಲಿದೆ?

ಮುಖ್ಯವಾಗಿ ಪುಟ ತಯಾರಿಸುವವರ ಕೈಯಲ್ಲಿ. ದರ್ಶಿನಿಯವನು ಹತ್ತು ಪಾರ್ಸೆಲ್ ಕಟ್ಟಿದ ಮೇಲೊಮ್ಮೆ ತಲೆಯೆತ್ತಿ "ನಿಮಗೇನು ಸಾರ್?" ಎಂದು ಕೇಳಬಹುದು. ಹಾಗೆಯೇ ಉದ್ದದ ಕೆಲಸವನ್ನು ತುಂಡು ಮಾಡಿ ನಡುವೆ ಟ್ಯಾಪ್‌ಗಳಿಗೆ ಜಾಗ ಬಿಡಬಹುದು. ಮೊದಲು ಒತ್ತಿದ ಗುರುತು ತೋರಿಸಿ ಭಾರದ ಕೆಲಸವನ್ನು ಆಮೇಲೆ ಮಾಡಬಹುದು. ಬೇಕಾದ ತಿಂಗಳನ್ನಷ್ಟೇ ಕಟ್ಟಬಹುದು. ಅಗತ್ಯವಿಲ್ಲದ ಜಾಹೀರಾತು ಮತ್ತು ಟ್ರ್ಯಾಕಿಂಗ್ ಸ್ಕ್ರಿಪ್ಟ್‌ಗಳನ್ನು ಕೈಬಿಡಬಹುದು.

ನಾವು ಮಾಡಬಹುದಾದದ್ದೂ ಸ್ವಲ್ಪ ಇದೆ. ಬಟನ್ ಸುಮ್ಮನಿದ್ದರೆ ಮತ್ತೆ ಮತ್ತೆ ಒತ್ತಬೇಡಿ, ಎರಡು ಮೂರು ಸೆಕೆಂಡ್ ಕಾಯಿರಿ. ಹಣ ಪಾವತಿಸುವಾಗ ಇದು ಇನ್ನೂ ಮುಖ್ಯ. ಪುಟವನ್ನು ಸರಿಯಾಗಿ ಬರೆದಿರದಿದ್ದರೆ ಎರಡು ಒತ್ತಿಗೆ ಎರಡು ಕೋರಿಕೆ ಹೋಗಬಹುದು. ಮತ್ತೆ ಪ್ರಯತ್ನಿಸುವ ಮುನ್ನ ಬ್ಯಾಂಕಿನ ಮೆಸೇಜ್ ಅಥವಾ ಖಾತೆಯ ವಿವರ ನೋಡಿ. ಬುಕ್ ಮಾಡುವ ಮುನ್ನ ತಾರೀಖಿನ ಜೊತೆ ತಿಂಗಳನ್ನೂ ಓದಿ.

ದೂರು ಕೊಡುವಾಗ 'ನಿಮ್ಮ ಸೈಟ್ ಸ್ಲೋ' ಎಂದು ಬರೆದರೆ 'ನಿಮ್ಮ ನೆಟ್ ನೋಡಿಕೊಳ್ಳಿ' ಎಂಬ ಉತ್ತರ ಬರುವ ಸಂಭವ ಹೆಚ್ಚು. ಯಾವ ಫೋನ್, ಯಾವ ಬಟನ್, ಎಷ್ಟು ಸೆಕೆಂಡ್, ಸ್ಕ್ರೋಲ್ ಆಗುತ್ತಿತ್ತೇ ಎಂದು ಬರೆಯಿರಿ. ಸಾಧ್ಯವಾದರೆ ಸ್ಕ್ರೀನ್ ರೆಕಾರ್ಡಿಂಗ್ ಸೇರಿಸಿ. ನಾನು ಆ ಆಸ್ಪತ್ರೆಗೆ ಹೀಗೇ ಬರೆದು ಕಳಿಸಿದ್ದೇನೆ. ಅಮ್ಮನಿಗೂ ಆ ಕೆಂಪು ಗುರುತು ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ಹಾಗಾದ್ರೆ ನಾನು ಒತ್ತಿದ್ದು ಸರಿಯಾಗೇ ಇತ್ತು ಅನ್ನು" ಎಂದರು.