ಡಬ್ಬಿ ಮೇಲಿನ ವ್ಯಾಟ್ ನಂಬಿ ಆಂಪ್ಲಿಫೈಯರ್ ತರಬೇಡಿ

ನಮ್ಮ ಚಿಕ್ಕಪ್ಪನ ಮನೆ ಜಗಲಿಯಲ್ಲಿ ಒಂದು ಜೊತೆ ಸ್ಪೀಕರ್ ಹಳೇ ಪಂಚೆ ಹೊದ್ದುಕೊಂಡು ಕೂತಿವೆ. ವಿದೇಶದಲ್ಲಿರುವ ಮಗ ಕಳೆದ ವರ್ಷ ಬರುವಾಗ ಅಪ್ಪನಿಗೆಂದು ತಂದುಕೊಟ್ಟಿದ್ದು. ನಮ್ಮ ದುಡ್ಡಿನಲ್ಲಿ ಜೋಡಿಗೆ ಎಂಬತ್ತು ಸಾವಿರದ ಮೇಲಾಯಿತಂತೆ. ಚಿಕ್ಕಪ್ಪನಿಗೆ ಯಕ್ಷಗಾನದ ಹುಚ್ಚು. ಕಾಳಿಂಗ ನಾವುಡರ ಹಳೇ ಕ್ಯಾಸೆಟ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಸಿ ಇಟ್ಟುಕೊಂಡವರು. ಸ್ಪೀಕರ್ ಏನೋ ಬಂತು, ಜೊತೆಗೆ ಆಂಪ್ಲಿಫೈಯರ್ ಬರಲಿಲ್ಲ. "ಅದೇನು ಮಹಾ, ಇಲ್ಲೇ ಸಿಗ್ತದೆ" ಎಂದು ಪೇಟೆಯ ಅಂಗಡಿಯಿಂದ 3,500 ರೂಪಾಯಿ ಕೊಟ್ಟು, ಬಣ್ಣದ ದೀಪ ಮಿನುಗುವ ಒಂದು ಡಬ್ಬಿ ತಂದರು. ಮೇಲೆ ದೊಡ್ಡದಾಗಿ '5000 ವ್ಯಾಟ್ ಪಿಎಂಪಿಒ' ಅಂತ ಬರೆದಿತ್ತು. ಇಪ್ಪತ್ತು ದಿನಕ್ಕೆ ಎರಡೂ ಸ್ಪೀಕರಿನ ಟ್ವೀಟರ್ ಸುಟ್ಟುಹೋಯಿತು.

ಅಂಗಡಿಯವನು "ನಮ್ಮ ಆಂಪ್ಲಿಫೈಯರ್ ಪವರ್ ಜಾಸ್ತಿ, ನಿಮ್ಮ ಸ್ಪೀಕರ್ ತಡ್ಕೊಳ್ಳಲಿಲ್ಲ" ಅಂದ. ಮಗ ಫೋನಿನಲ್ಲಿ "ಅಷ್ಟು ಜೋರಾಗಿ ಯಾಕೆ ಹಾಕಿದ್ರಿ ಅಪ್ಪಾ" ಅಂದ. ಚಿಕ್ಕಪ್ಪ ಇಬ್ಬರಿಗೂ ಏನೂ ಹೇಳಲಿಲ್ಲ. ಪದ ಕೇಳುವುದನ್ನೇ ಬಿಟ್ಟರು. ನನಗೆ ಸಿಟ್ಟು ಬಂದಿದ್ದು ಇಲ್ಲಿ. ಅಂಗಡಿಯವನು ಹೇಳಿದ್ದು ನಿಜಕ್ಕೆ ಪೂರಾ ಉಲ್ಟಾ.

ಆ ಡಬ್ಬಿಯನ್ನು ತಿರುಗಿಸಿ ನೋಡಿದೆ. ಅದಕ್ಕೆ ಕೊಟ್ಟಿದ್ದ ಅಡಾಪ್ಟರ್ 12 ವೋಲ್ಟ್, 3 ಆಂಪಿಯರ್. ಗುಣಿಸಿದರೆ 36 ವ್ಯಾಟ್. ಒಳಗೆ ಹೋಗುವುದೇ 36 ವ್ಯಾಟ್ ಆದರೆ ಹೊರಗೆ 5000 ಎಲ್ಲಿಂದ ಬರುತ್ತದೆ? ಎರಡು ಕೊಡ ನೀರು ಹಾಕಿ ಕೆರೆ ತುಂಬಿಸಿದ ಲೆಕ್ಕ ಇದು. ಬಿಸಿಯಾಗಿ ಹೋಗುವುದನ್ನು ಕಳೆದರೆ ಒಂದೊಂದು ಸ್ಪೀಕರಿಗೆ ಹೆಚ್ಚೆಂದರೆ 15 ವ್ಯಾಟ್ ಸಿಗುತ್ತಿತ್ತು. ಪಿಎಂಪಿಒ ಅನ್ನುವುದು ಅಳತೆಯೇ ಅಲ್ಲ, ಅದಕ್ಕೆ ಒಪ್ಪಿತವಾದ ಲೆಕ್ಕವೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ. ಅಮೆರಿಕದಲ್ಲಿ ಇಂಥ ಸುಳ್ಳು ವ್ಯಾಟ್ ವಿಪರೀತವಾಗಿ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರಿನ ಶಕ್ತಿಯನ್ನು ಹೇಗೆ ಅಳೆದು ಹೇಳಬೇಕು ಎಂದು ನಿಯಮ ಮಾಡಿತು. 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದೆ. ನಮ್ಮ ಪೇಟೆಗಳಲ್ಲಿ ಪಿಎಂಪಿಒ ಚೀಟಿ ಇನ್ನೂ ಆರಾಮಾಗಿ ಓಡಾಡಿಕೊಂಡಿದೆ.

ಹಾಗಾದರೆ 15 ವ್ಯಾಟಿನ ಬಡಪಾಯಿ ಯಂತ್ರ ಟ್ವೀಟರ್ ಸುಟ್ಟಿದ್ದು ಹೇಗೆ? ಚೆಂಡೆಯಿಂದ. ಭಾಗವತರ ಪದ ನಡೆಯುವಾಗ ಬೇಕಾಗುವುದು ಒಂದೆರಡು ವ್ಯಾಟ್ ಅಷ್ಟೇ. ನಡುವೆ ಚೆಂಡೆಗೆ ಪೆಟ್ಟು ಬಿತ್ತು ಅನ್ನಿ, ಆ ಒಂದು ಕ್ಷಣಕ್ಕೆ ಅದರ ಹತ್ತು ಪಟ್ಟೋ ಇಪ್ಪತ್ತು ಪಟ್ಟೋ ಶಕ್ತಿ ಬೇಕು. ಯಂತ್ರದ ಹತ್ತಿರ ಅಷ್ಟಿಲ್ಲ. ಆಗ ಶಬ್ದದ ಅಲೆಯ ತುದಿಯನ್ನು ಕತ್ತಿಯಲ್ಲಿ ಕಡಿದ ಹಾಗೆ ಚಪ್ಪಟೆ ಮಾಡಿ ಕಳಿಸುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಹಾಗೆ ಕಡಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಕೀರಲು ಸ್ವರಗಳು ಹುಟ್ಟುತ್ತವೆ. ಅವೆಲ್ಲ ಹೋಗಿ ಬೀಳುವುದು ಕೂದಲೆಳೆಯಂಥ ತಂತಿ ಸುತ್ತಿದ ಟ್ವೀಟರಿನ ಮೇಲೆ. ಸದ್ದು ಸಾಲದೆಂದು ವಾಲ್ಯೂಮ್ ಇನ್ನೂ ಏರಿಸಿದರೆ ತಂತಿ ಕಾದು ಕರಗುತ್ತದೆ. ದೊಡ್ಡ ಆಂಪ್ಲಿಫೈಯರನ್ನು ಹದವಾಗಿ ಬಳಸುವುದಕ್ಕಿಂತ ಚಿಕ್ಕದನ್ನು ಹಿಂಡಿ ಬಳಸುವುದು ಅಪಾಯ ಅನ್ನುವುದು ಇದಕ್ಕೇ. (ದೊಡ್ಡದೂ ಸುಡುತ್ತದೆ, ಮದುವೆ ಮನೆಯ ಹುಡುಗರ ಕೈಗೆ ಕೊಟ್ಟರೆ.)

ಇನ್ನೊಂದು ವಿಷಯ ಸ್ಪೀಕರಿನ ಹಿಂದೆಯೇ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಅನ್ನುವ ಲೆಕ್ಕ. 3 ಡೆಸಿಬೆಲ್ ಹೆಚ್ಚು ಬೇಕಾದರೆ ಶಕ್ತಿ ಎರಡು ಪಟ್ಟು ಕೊಡಬೇಕು, 10 ಡೆಸಿಬೆಲ್ ಬೇಕಾದರೆ ಹತ್ತು ಪಟ್ಟು. ಅಮೆರಿಕದಲ್ಲಿ 1946ರಿಂದ ತಯಾರಾಗುತ್ತಿರುವ ಕ್ಲಿಪ್ಷ್‌ಹಾರ್ನ್ ಎಂಬ ಬೀರುವಿನಂಥ ಸ್ಪೀಕರ್ ಇದೆ. ಅದರದ್ದು ಸುಮಾರು 105 ಡೆಸಿಬೆಲ್. ಕೆಲವೇ ವ್ಯಾಟಿಗೆ ಮನೆ ತುಂಬ ಸದ್ದು. ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಪ್ರಸಾರದ ವ್ಯಾನಿಗೆಂದು ಮಾಡಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರಿಗೆ ಸುಮಾರು 83. ಅಷ್ಟೇ ಸದ್ದಿಗೆ ಇದಕ್ಕೆ ನೂರು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಎರಡಕ್ಕೂ ಭಕ್ತರಿದ್ದಾರೆ. ಹಾಗಾಗಿ 'ಒಳ್ಳೇ ಆಂಪ್ಲಿಫೈಯರ್ ಯಾವುದು' ಎಂಬ ಪ್ರಶ್ನೆಯೇ ತಪ್ಪು, ಯಾವ ಸ್ಪೀಕರಿಗೆ ಅಂತ ಕೇಳಬೇಕು. ಚಿಕ್ಕಪ್ಪನ ಸ್ಪೀಕರ್ 86 ಡೆಸಿಬೆಲ್. ಇಟ್ಟಿದ್ದು ಮೂರು ಕಡೆ ತೆರೆದ ಜಗಲಿಯಲ್ಲಿ, ಸದ್ದನ್ನು ಹಿಂದಕ್ಕೆ ಕೊಡಲು ಗೋಡೆಯೂ ಇಲ್ಲ. ಬಯಲಿನಲ್ಲಿ ಕೂರುವ ದೂರ ಎರಡು ಪಟ್ಟಾದರೆ ಅದೇ ಸದ್ದಿಗೆ ಶಕ್ತಿ ನಾಲ್ಕು ಪಟ್ಟು ಬೇಕು. 15 ವ್ಯಾಟ್ ಯಾವ ಮೂಲೆಗೆ?

ಓಮ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಹೆಚ್ಚು ಕರೆಂಟ್ ಎಳೆಯುತ್ತದೆ. 1980ರ ದಶಕದ ಅಪೋಜಿ ಸಿಂಟಿಲ್ಲಾ ಅನ್ನುವ ಸ್ಪೀಕರ್ 1 ಓಮಿನದು, ಆಂಪ್ಲಿಫೈಯರ್ ಕೊಲ್ಲುವುದಕ್ಕೇ ಹೆಸರುವಾಸಿ. ನಮ್ಮಲ್ಲಿ ಹಬ್ಬಕ್ಕೆ ಒಂದೇ ಡಬ್ಬಿಗೆ ಎರಡು ಜೊತೆ ಸ್ಪೀಕರ್ ಕಟ್ಟುತ್ತಾರಲ್ಲ, ಆಗ 8 ಓಮ್ 4 ಆಗುತ್ತದೆ. ಡಬ್ಬಿಯ ಹಿಂದೆ 4 ಓಮ್ ನಡೆಯುತ್ತದೆ ಎಂದು ಬರೆದಿದ್ದರೆ ಮಾತ್ರ ಕಟ್ಟಿ.

ಪಟ್ಟಣದ ಪುಸ್ತಕಗಳು ಹೇಳದ ಮಾತೊಂದಿದೆ: ನಮ್ಮ ಸಂಜೆಯ ವೋಲ್ಟೇಜು. ಪಂಪ್‌ಸೆಟ್ ಶುರುವಾದ ಮೇಲೆ 230 ಇರಬೇಕಾದ್ದು 180ಕ್ಕೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಹಳೇ ಮಾದರಿಯ 100 ವ್ಯಾಟ್ ಆಂಪ್ಲಿಫೈಯರ್ ಆಗ ಹೆಚ್ಚುಕಮ್ಮಿ 60 ವ್ಯಾಟಿನದಾಗುತ್ತದೆ. ಆದ್ದರಿಂದ ಸ್ಪೀಕರ್ ಕಂಪನಿ 30ರಿಂದ 100 ವ್ಯಾಟ್ ಎಂದು ಬರೆದಿದ್ದರೆ, ಹಳ್ಳಿಯವರು ಮೇಲಿನ ತುದಿಗೆ ಹತ್ತಿರದ್ದನ್ನೇ ತರಬೇಕು ಅನ್ನುವುದು ನನ್ನ ಅಭಿಪ್ರಾಯ. ಇಲ್ಲವೇ 100ರಿಂದ 240 ವೋಲ್ಟ್ ತನಕ ನಡೆಯುವ ಪವರ್ ಸಪ್ಲೈ ಇರುವ ಕ್ಲಾಸ್ ಡಿ ಆಂಪ್ಲಿಫೈಯರ್ ತರಬಹುದು. ಅದು ಕಡಿಮೆ ಬಿಸಿಯಾಗುತ್ತದೆ, ಇನ್ವರ್ಟರಿಗೂ ಹೊರೆಯಲ್ಲ. ಲಕ್ಷ ರೂಪಾಯಿಯದು ಬೇಕಿಲ್ಲ. ಕೊಳ್ಳುವ ಮೊದಲು ಹತ್ತಿರದ ರಿಪೇರಿಯವರಿಗೆ ತೋರಿಸಿ, ಕೆಟ್ಟರೆ ಕೈಹಾಕಬಲ್ಲರೇ ಕೇಳಿ. ನನ್ನ ಮಟ್ಟಿಗೆ ಅದು ಬ್ರಾಂಡಿಗಿಂತ ದೊಡ್ಡದು.

ಟ್ವೀಟರ್ ಎರಡನ್ನೂ ಮಗ ಮತ್ತೆ ತರಿಸುತ್ತಿದ್ದಾನೆ. ಈ ಲೆಕ್ಕವನ್ನೆಲ್ಲ ಅವನಿಗೂ ಬರೆದು ಕಳಿಸಿದ್ದೆ. ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದನಂತೆ. ಮೊನ್ನೆ ಚಿಕ್ಕಪ್ಪ ನನ್ನ ವಾಟ್ಸಾಪಿಗೆ ಒಂದು ಫೋಟೋ ಹಾಕಿದರು. ಪರಿಚಯದ ರಿಪೇರಿಯವರ ಹತ್ತಿರ ಇರುವ ಹಳೇ ಆಂಪ್ಲಿಫೈಯರಿನದು, ಮುಂಭಾಗದ್ದಲ್ಲ, ಹಿಂದಿನ ಚೀಟಿಯದು. ಕೆಳಗೆ ಬರೆದಿದ್ದರು: "80 ವ್ಯಾಟ್, ಆರ್‌ಎಂಎಸ್ ಅಂತಲೇ ಉಂಟು. ಚೆಂಡೆಗೆ ಸಾಕಾ ಮಾರಾಯ?"