ಜಮೀನಿಗೆ ಸಕ್ರಮ, ಕೂಲಿಯವನಿಗೆ ಅಕ್ರಮ!



ಸಕಲೇಶಪುರ, ಆಲೂರು, ಬಿಸಿಲೆ ಕಡೆಯ ತೋಟಗಳಲ್ಲಿ ಈಗ ಒಂದು ಮಾತು ಎದ್ದಿದೆ. ‘ಅಸ್ಸಾಮಿನೋರು ಬಂದು ನಮ್ಮ ಕೂಲಿ ಕಿತ್ಕೊಂಡ್ರು. ಎಲ್ಲ ಬಾಂಗ್ಲಾದೋರು. ಓಡಿಸಿ.’ ಸಾಹುಕಾರರ ಜಗಲಿಯ ಮಾತಾಗಿದ್ದರೆ ಬಿಡಬಹುದಿತ್ತು. ನಮ್ಮ ಕೇರಿ ಹುಡುಗರ ಬಾಯಲ್ಲೂ ಬರುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಅವರನ್ನು ಕರೆತಂದವರು ಯಾರು? ಬಿಸಿಲೆಯ ಮಳೆಗೂ ಜಿಗಣೆಗೂ ಆಸೆಪಟ್ಟು ಬಂದರೇ? ಮಾಲೀಕರು ಏಜೆಂಟರನ್ನು ಹಿಡಿದು ಕರೆಸಿಕೊಂಡರು. ಲೈನುಮನೆ ಬಾಳು ಸಾಕೆಂದು ನಮ್ಮ ಮಕ್ಕಳು ಬೆಂಗಳೂರಿಗೆ ಹೋದರು. ಹೋದದ್ದು ಸರಿಯೇ. ಆದರೆ ಅವರೂ ವಲಸೆಯವರೇ ಅಲ್ಲವೇ?

ಕಾಫಿಯ ದಾರಿ ನೋಡಿ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. 90ರ ದಶಕದಲ್ಲಿ ಕಾಫಿ ಬೋರ್ಡಿನ ಪೂಲಿಂಗೂ ಹೋಯಿತು. ಈಗ ರೊಬಸ್ಟಾ ಬೆಲೆ ಗೊತ್ತಾಗೋದು ಲಂಡನಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಬೀಜ ಇಟಲಿಗೆ ಹೋಗುವಾಗ ‘ನಿಮ್ಮಪ್ಪ ಎಲ್ಲಿ ಹುಟ್ಟಿದ’ ಅಂತ ಯಾರೂ ಕೇಳೋದಿಲ್ಲ. ಕುಯ್ದ ಕೈಯನ್ನು ಮಾತ್ರ ಕೇಳ್ತಾರೆ.

ಕಾನೂನು ಯಾರ ಕಡೆ? 1859ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆಯಲ್ಲಿ, ಮುಂಗಡ ಪಡೆದ ಕೂಲಿಯವನು ಕೆಲಸ ಬಿಟ್ಟರೆ ಮೂರು ತಿಂಗಳವರೆಗೆ ಜೈಲು. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಐದು ಜನರಿದ್ದರೂ ಅನ್ವಯ, ಊರುಬಿಟ್ಟು ಬಂದದ್ದಕ್ಕೆ ಭತ್ಯೆ. 2020ರ ಸಂಹಿತೆ ಅದನ್ನು ನುಂಗಿತು. ಐದು ಹತ್ತಾಯಿತು, ಆ ಭತ್ಯೆ ಮಾಯವಾಯಿತು. ವಿದೇಶೀಯರ ಕಾಯ್ದೆ ಮಾತ್ರ 1946ರಿಂದ 2025ಕ್ಕೆ ಗಟ್ಟಿಯಾಗೇ ಬಂತು: ನಾನು ಪರದೇಶಿಯಲ್ಲ ಅಂತ ರುಜುವಾತು ಮಾಡಬೇಕಾದವನು ಸಿಕ್ಕಿಬಿದ್ದವನೇ!

ಇನ್ನೊಂದು ನೋಡಿ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು 2022ರಲ್ಲಿ ಶಾಸನಸಭೆ ಕಾಯ್ದೆ ತಿದ್ದಿತು. ಬೇಲಿ ಸರಿಸಿದವನು ಸಕ್ರಮ. ಆ ಬೇಲಿಯೊಳಗೆ ದುಡಿಯೋನು ಅಕ್ರಮ. ಬಗರ್‌ಹುಕುಂ ಅರ್ಜಿ ಹಿಡಿದ ನಮ್ಮವನು ಇನ್ನೂ ತಾಲ್ಲೂಕು ಕಚೇರಿ ಬಾಗಿಲಲ್ಲಿ!

ಗಡಿ ದಾಟಿ ಬಂದವರೂ ಇದ್ದಾರು. ಇರಲಿ. ಕಾಗದವಿಲ್ಲದವನು ಲೇಬರ್ ಆಫೀಸಿಗೆ ಹೋಗಲಾರ, ಕೂಲಿ ಬಾಕಿ ಕೇಳಲಾರ. ಅವನ ಹೆದರಿಕೆಯೇ ಮಾಲೀಕನ ಲಾಭ. ಅವನನ್ನು ಹೆದರಿಸಿದಷ್ಟೂ ನಮ್ಮ ಕೂಲಿಯೇ ಇಳಿಯುತ್ತೆ. ಅಸ್ಸಾಮಿನ ಟೀ ತೋಟದ ಆದಿವಾಸಿಗಳು ಛೋಟಾನಾಗಪುರದಿಂದ ಬ್ರಿಟಿಷರು ಸಾಗಿಸಿದವರ ಮಕ್ಕಳು. ಮೇಸ್ತ್ರಿಯ ಮುಂಗಡಕ್ಕೆ ಸಿಕ್ಕಿ ಘಟ್ಟ ಹತ್ತಿದ ನಮ್ಮಜ್ಜಂದಿರ ಕಥೆಯೂ ಅದೇ. ನಾಳೆ ನಮ್ಮನ್ನೂ ಕೇಳಿದರೆ, ಲೈನುಮನೆಯಲ್ಲಿ ಹುಟ್ಟಿದ ನಮ್ಮವ್ವನ ಜನನಪತ್ರ ಎಲ್ಲಿಂದ ತರೋಣ?

ದೇಶದ ಯಾವ ಮೂಲೆಗಾದರೂ ಹೋಗಿ ಬಾಳುವ ಹಕ್ಕು ಬಾಬಾಸಾಹೇಬರ ಸಂವಿಧಾನದ 19ನೇ ವಿಧಿಯಲ್ಲಿದೆ. ಅದನ್ನು ನಾವೇ ಹರಿಯಬೇಕೇ?

ನಾವು ಕೇಳೋದು ಇಷ್ಟು: ಎಲ್ಲರಿಗೂ ಒಂದೇ ಕೂಲಿ. ಕರೆತಂದವನ ಹೆಸರೂ ಲೆಕ್ಕದ ಪುಸ್ತಕದಲ್ಲಿ. ಲೈನಿನಲ್ಲಿರುವವರಿಗೆ ನಿವೇಶನ. ಒತ್ತುವರಿ ಜಮೀನಿನಲ್ಲಿ ಭೂಹೀನರಿಗೆ ಮೊದಲ ಪಾಲು.

ಓಡಿಸಬೇಕಾದ್ದು ಕೂಲಿಯವನನ್ನಲ್ಲ, ಕೂಲಿಯವನನ್ನು ಕೂಲಿಯವನ ಮೇಲೆ ಬಿಡುವ ಬುದ್ಧಿಯನ್ನು.

ಜೈ ಭೀಮ್!